ಈಗ ನಿಮ್ಮ ಎಡಕ್ಕೆ ನೋಡಿ

ಪ್ರಾಣಿಗಳಿಗೆ ತಿಂಡಿ ಹಾಕಬೇಡಿ ಎಂದು ಅವನೇ ಅವನಿಗೆ ಹೇಳಿದ. ಗುಹೆಯೂ ಜಲಪಾತವೂ ಇದ್ದ ಆ ಉದ್ಯಾನದ ಗೇಟಿನ ಕಂಬಕ್ಕೆ ಕಟ್ಟಿದ್ದ ಸ್ಪೀಕರಿನಿಂದ ಬಂದ ಮಾತು ಅದು. ಇಪ್ಪತ್ತು ವರ್ಷ ಚಿಕ್ಕವನಾದ, ಈಗಷ್ಟೇ ಉಜ್ಜಿಟ್ಟ ಕಂಚಿನಂಥ, ತನ್ನ ಬಗ್ಗೆ ಯಾವ ಸಂಶಯವೂ ಇಲ್ಲದ ಅವನ ಧ್ವನಿ. 'ಕಾಡು ನಮ್ಮ ಮನೆಯಲ್ಲ, ನಾವಿಲ್ಲಿ ಅತಿಥಿಗಳು' ಎಂದು ಧ್ವನಿ ಹೇಳುತ್ತಿರುವಾಗಲೇ ಅತಿಥಿಗಳು ಕಾರಿನ ಬಾಗಿಲುಗಳನ್ನು ಧಡಾರನೆ ಹಾಕಿ, ಬೀಗ ಬಿತ್ತೋ ಇಲ್ಲವೋ ಎಂದು ಎರಡೆರಡು ಸಲ ಎಳೆದು ನೋಡುತ್ತಿದ್ದರು. ಕಂಬದ ಬುಡದಲ್ಲಿ ಒಂದು ಜಿಂಕೆ ಚಿಪ್ಸಿನ ಪ್ಯಾಕೆಟ್ಟಿನೊಳಗೆ ಕಣ್ಣಿನವರೆಗೂ ಮೂತಿ ತೂರಿಸಿ ನಿಂತಿತ್ತು. ಹುಟ್ಟಿದಾಗಿನಿಂದ ಈ ಧ್ವನಿ ಕೇಳಿ ಬೆಳೆದ ಪ್ರಾಣಿ. ಊಟದ ಗಂಟೆ ಎಂದೇ ತಿಳಿದಿರಬೇಕು. ತನ್ನ ಮಾತನ್ನು ಇಷ್ಟು ತಾಳ್ಮೆಯಿಂದ ಕೇಳಿಸಿಕೊಂಡು ಅಷ್ಟೇ ತಾಳ್ಮೆಯಿಂದ ಮೀರುವ ಜೀವ ಲೋಕದಲ್ಲಿ ಇದೊಂದೇ ಅಲ್ಲವಲ್ಲ ಎಂದು ಅವನಿಗೆ ಸಮಾಧಾನವೇ ಆಯಿತು. ಕುತ್ತಿಗೆಗೆ ಸುತ್ತಿದ್ದ ಮಫ್ಲರನ್ನು ಇನ್ನೊಂದು ಸುತ್ತು ಬಿಗಿದುಕೊಂಡ. ಬಿಸಿಲು ಚುರುಗುಟ್ಟುತ್ತಿತ್ತು.

ಧ್ವನಿಯೇ ಅವನ ಕಸುಬು. ನಗರದ ಬಸ್ಸುಗಳಲ್ಲಿ ಮುಂದಿನ ನಿಲ್ದಾಣ ಹೇಳುವವನು ಅವನು. ಆಸ್ಪತ್ರೆಯ ಲಿಫ್ಟಿನಲ್ಲಿ ಬಾಗಿಲು ಮುಚ್ಚುತ್ತಿದೆ ಎನ್ನುವವನು ಅವನು. ಫೋನಿನಲ್ಲಿ, ನಿಮ್ಮ ಕರೆ ನಮಗೆ ಬಹಳ ಮುಖ್ಯ ಎಂದು ಹೇಳಿ ಕಿವಿ ಬಿಸಿಯಾಗುವವರೆಗೆ ಕಾಯಿಸುವವನೂ ಅವನೇ. ಕಂಚಿನ ಕಂಠವೆಂದು ನೆಂಟರು 'ಕಂಚು' ಎಂದೇ ಕರೆಯುತ್ತಿದ್ದರು. ಮದುವೆಮನೆಯಲ್ಲಿ ಕಾರಿನ ನಂಬರು ಕೂಗಿ ಹೇಳಬೇಕಾದಾಗ, ಮಗು ಕಳೆದಾಗ, ಎಲ್ಲರಿಗೂ ಕಂಚು ನೆನಪಾಗುತ್ತಿದ್ದ. ಊರಿಗೆಲ್ಲ ದಾರಿ ಹೇಳುವವನ ಮಾತು ಮನೆಯಲ್ಲಿ ಮಾತ್ರ ಬೋರ್ಗಲ್ಲ ಮೇಲೆ ಸುರಿದ ನೀರು. 'ಅಯ್ಯೋ, ನೀವು ಮಾತಾಡ್ತಿದ್ರಾ? ನಾನೆಲ್ಲೋ ಬಸ್ಸಲ್ಲಿದ್ದೀನಿ ಅಂದ್ಕೊಂಡೆ' ಎಂದು ಹೆಂಡತಿ ಒಮ್ಮೆ ಅಡುಗೆಮನೆಯಲ್ಲಿ ನಿಜವಾಗಿ ಬೆಚ್ಚಿ ಹೇಳಿದ್ದಳು. ತಮಾಷೆಗೆ ಹೇಳಿದ್ದರೆ ಮರೆಯಬಹುದಿತ್ತು. ಅವಳು ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವವಳು. ಕತ್ತಲ ಕೋಣೆಯಲ್ಲಿ ಪರಿಚಯವಿಲ್ಲದವರ ಮೂಗಿನ ಮೇಲೆ ಗಾಜು ಬದಲಿಸುತ್ತಾ ದಿನವಿಡೀ ಕೇಳುವುದು ಒಂದೇ ಮಾತು: 'ಇದು ಚೆನ್ನಾಗಿ ಕಾಣತ್ತಾ, ಮೊದಲಿಂದಾ?' ಕಾಣದಿದ್ದರೂ ಜನ ಕಾಣುತ್ತದೆ ಎನ್ನುತ್ತಾರಂತೆ. 'ಕಣ್ಣು ಹೋದ್ರೂ ಪರವಾಗಿಲ್ಲ, ನನ್ನೆದುರಿಗೆ ಮರ್ಯಾದೆ ಹೋಗಬಾರದು ನೋಡಿ' ಎಂದು ನಗುತ್ತಿದ್ದಳು. ಅವಳು ಹಾಗೆ ನಗುವಾಗ ಅವನೂ ನಗುತ್ತಿದ್ದ, ತಾನು ಆ ಜನರ ಪೈಕಿ ಅಲ್ಲವೆಂಬಂತೆ.

ಗಂಟಲಿನ ಡಾಕ್ಟರು ಮೂಗಿನಲ್ಲಿ ನಳಿಕೆ ಇಳಿಸಿ ಪರದೆಯ ಮೇಲೆ ತೋರಿಸಿದ ಚಿತ್ರವೂ ಒಂದು ಗುಹೆಯದೇ. ಕೆಂಪಗೆ, ಒದ್ದೆಯಾಗಿ, ಉಸಿರಿಗೊಮ್ಮೆ ಅಲುಗುವ ಗೋಡೆಗಳು, ಮೂಲೆಯಲ್ಲಿ ಬಾಡಿಗೆ ಕೊಡದೆ ಬಂದು ಕೂತ ನೆಂಟನ ಹಾಗೆ ಒಂದು ಗಡ್ಡೆ. ಅದರದೇ ಮರಿ ಹೊರಗೆ, ಕುತ್ತಿಗೆಯ ಬಲಬದಿಗೆ, ಬೆರಳಿಗೆ ಸಿಗುತ್ತಿತ್ತು. ಡಾಕ್ಟರು ಅಂಗಡಿಯವರಂತೆ ನೇರವಾಗಿ ಮಾತಾಡಿದ್ದರು: 'ಧ್ವನಿಪೆಟ್ಟಿಗೆ ತೆಗೀಬೇಕು. ಜೀವ ಉಳಿಯುತ್ತೆ, ಧ್ವನಿ ಉಳಿಯಲ್ಲ. ಸೋಮವಾರ ಬೆಳಿಗ್ಗೆ ಬನ್ನಿ, ಮನೆಯವರನ್ನ ಕರ್ಕೊಂಡು ಬನ್ನಿ.' ಅವನು ಬರುತ್ತೇನೆ ಎಂದ. ಬಂದೇ ಬರುತ್ತೇನೆ ಎನ್ನಲಿಲ್ಲ. ಇಳಿಯುವಾಗ ಲಿಫ್ಟಿನಲ್ಲಿ ಅವನೊಬ್ಬನೇ. 'ಬಾಗಿಲು ಮುಚ್ಚುತ್ತಿದೆ' ಎಂದು ಅವನ ಧ್ವನಿ ಅವನಿಗೆ ವಿನಯದಿಂದ ತಿಳಿಸಿತು. ಭಗವಂತ ಕೊಡುವಾಗ ಕೇಳಿ ಕೊಟ್ಟಿರಲಿಲ್ಲ. ತೆಗೆದುಕೊಳ್ಳುವಾಗ ಮಾತ್ರ ಇಷ್ಟು ಮರ್ಯಾದೆಯಾಗಿ ಮುಂಚಿತವಾಗಿ ಹೇಳಿ ಕಳಿಸುತ್ತಾನೆ. ಆ ಸಂಜೆ ಬಚ್ಚಲಲ್ಲಿ ನಲ್ಲಿ ತಿರುಗಿಸಿಟ್ಟು, ಜೀವ ಹೋದರೂ ಹೋಗಲಿ ಧ್ವನಿಯನ್ನು ಉಳಿಸು ತಂದೆ ಎಂದು ಕೈಮುಗಿದಿದ್ದ. ಮುಖ ಒರೆಸಿಕೊಂಡು ಹೊರಗೆ ಬಂದರೆ ಹೆಂಡತಿ ಅವನ ಅಂಗಿಗೆ ಗುಂಡಿ ಹೊಲಿಯುತ್ತಾ ಕೂತಿದ್ದಳು. ತನ್ನ ಪ್ರಾರ್ಥನೆಯಲ್ಲಿ ಆ ಗುಂಡಿಯ ಲೆಕ್ಕವೇ ಇರಲಿಲ್ಲವಲ್ಲ ಎಂದು ಹೊಳೆದದ್ದು ಆಗ. ಶೀತ ಆಗಿದೆ, ಗಂಟಲು ಕಟ್ಟಿದೆ ಎಂದ. 'ಸದ್ಯ, ಮನೆ ಶಾಂತವಾಗಿರುತ್ತೆ' ಎಂದು ಅವಳು ಹಲ್ಲಿನಿಂದ ದಾರ ಕತ್ತರಿಸಿದಳು.

ಭಾನುವಾರ ಇಬ್ಬರೇ ಈ ಉದ್ಯಾನಕ್ಕೆ ಹೋಗೋಣ ಎಂದು ಅವನು ಹೇಳಿದ್ದು ಇದಕ್ಕೇ. ಮರದ ಕೆಳಗೆ ಕೂತು, ನಾಳೆ ಹೀಗಂತೆ ಎಂದು ಹೇಳಿಬಿಡುವುದು. ಅವಳು ಆಸ್ಪತ್ರೆಗೆ ಹೋಗೋಣ ಎಂದರೆ ಹೋಗುವುದು, ಅತ್ತರೆ ಏನು ಮಾಡುವುದೆಂದು ಅಲ್ಲೇ ಯೋಚಿಸುವುದು. ಆದರೆ 'ಇಬ್ಬರೇ' ಎಂಬ ಪದ ಮುಂದಿನ ನಿಲ್ದಾಣದ ಹೆಸರಿನಂತೆ ಅವಳ ಕಿವಿ ದಾಟಿ ಹೋಗಿ, ಬೆಳಿಗ್ಗೆ ನೋಡಿದರೆ ಮನೆ ಮುಂದೆ ಅವಳ ತಮ್ಮನ ಕಾರು, ಕಾರಿನ ಹಿಂದಿನ ಸೀಟಿನಲ್ಲಿ ಬುತ್ತಿ ಗಂಟನ್ನು ತಬ್ಬಿಕೊಂಡ ಅವಳ ಅಮ್ಮ. ಭಾವಮೈದುನ ನಲ್ಲಿ, ಷವರು ಮಾರುವ ಅಂಗಡಿಯವನು. 'ಭಾವ, ನಿಮ್ಮ ಧ್ವನಿ ಇರೋ ಜಾಗಕ್ಕೆ ನೀವೇ ಇನ್ನೂ ಹೋಗಿಲ್ವಂತೆ! ಸ್ವಂತ ಮನೆ ಕಟ್ಟಿಸಿ ಗೃಹಪ್ರವೇಶಕ್ಕೆ ಹೋಗದೇ ಇದ್ದ ಹಾಗಾಯ್ತು.' ಹೌದಲ್ಲ ಎನಿಸಿ ಅವನ ಕಿವಿಗಳು ಬೆಚ್ಚಗಾದವು. ಹೆಂಡತಿಗೆ ಹೇಳಲು ಬೇಕಾದಷ್ಟು ಮರಗಳಿದ್ದವು, ಮನೆಯ ಹಿಂದೆಯೇ ಒಂದಿತ್ತು. ತಾನು ಆರಿಸಿಕೊಂಡದ್ದು ತನ್ನದೇ ಧ್ವನಿ ಮೊಳಗುವ ಗುಹೆಯನ್ನು.

ಮೊದಲು ಜಲಪಾತ. ಮೇಲಿನ ಕಟ್ಟೆಯಿಂದ ರಜಾದಿನಗಳಲ್ಲಿ ಮಾತ್ರ ನೀರು ಬಿಡುತ್ತಾರೆಂದು ಬೋರ್ಡಿನಲ್ಲಿ ಬರೆದಿತ್ತು. ಉಳಿದ ದಿನ ಪ್ರಕೃತಿಗೆ ವಿಶ್ರಾಂತಿ. ಇವರು ಕಂಬಿ ಹಿಡಿದು ನಿಲ್ಲುವುದಕ್ಕೂ ಮೇಲೆ ಯಾರೋ ಗೇಟು ಎತ್ತುವುದಕ್ಕೂ ಸರಿಹೋಯಿತು. ಮೊದಲು ಬಂಡೆ ಬೆವರಿತು, ಆಮೇಲೆ ಒಂದು ಬಿಳಿ ಎಳೆ, ಆಮೇಲೆ ಆಕಾಶವೇ ಕಳಚಿ ಬಿದ್ದಂತೆ ಸದ್ದು. ಜನ ಚಪ್ಪಾಳೆ ತಟ್ಟಿದರು. 'ಪ್ರೆಶರ್ ಚೆನ್ನಾಗಿದೆ ಭಾವ!' ಎಂದು ಮೈದುನ ಕಿವಿಗೆ ಬಾಯಿಟ್ಟು ಕಿರುಚಿದ, 'ಆದ್ರೆ ವೇಸ್ಟೇಜ್ ಜಾಸ್ತಿ!' ಎಂದು ಅಮ್ಮನ ಕೈಹಿಡಿದು ತುಂತುರು ಬೀಳುವ ಕಡೆ ಕರೆದೊಯ್ದ. ಈಗ ಇಬ್ಬರೇ. ಹೆಂಡತಿಯ ಕನ್ನಡಕದ ಮೇಲೆ ಸಣ್ಣ ಹನಿಗಳು ಕೂತಿದ್ದವು; ಅವಳು ಒರೆಸಿಕೊಳ್ಳದೆ, ಮಸುಕಾಗಿ ನೋಡುವುದರಲ್ಲೂ ಒಂದು ಸುಖವಿದೆ ಎಂಬಂತೆ ನಿಂತಿದ್ದಳು. ಅವನು ಬಾಯಿ ತೆರೆದ. ನಾಳೆ ನನ್ನ ಗಂಟಲು ಕೊಯ್ತಾರೆ, ಎಂದ. ಮಾತು ಹೋಗುತ್ತಂತೆ, ಎಂದ. ನನಗೆ ಹೆದರಿಕೆ ಆಗ್ತಿದೆ, ಎಂದೂ ಸೇರಿಸಿದ. ಅದನ್ನು ಹೇಳುತ್ತೇನೆಂದು ಅವನೇ ಅಂದುಕೊಂಡಿರಲಿಲ್ಲ. ಅವನ ತುಟಿಯಿಂದ ಹೊರಟದ್ದು ಅವನ ಕಿವಿಗೇ ತಲುಪಲಿಲ್ಲ. ಹೆಂಡತಿ ಅವನತ್ತ ತಿರುಗಿ ಮುಖವರಳಿಸಿ, ತಲೆಯಾಡಿಸಿ, ಗಂಟಲು ಹರಿಯುವಂತೆ ಕೂಗಿದಳು: 'ಹೌದು ರೀ, ತುಂಬಾ ಚೆನ್ನಾಗಿದೆ!'

ಹೇಳಿದಂತೂ ಆಯಿತು. ಧರ್ಮಕ್ಕೆ ಸಾಕ್ಷಿಯಾಗಿ ಇಷ್ಟು ನೀರು ಇದೆ. ಗುಹೆಯ ಕಡೆ ನಡೆಯುವಾಗ ಅವನು ತನ್ನೊಳಗೇ ವಾದ ಹೂಡಿಕೊಂಡ. ಹೇಳಬೇಕಾದ್ದು ಹೇಳುವವನ ಕೆಲಸ, ಕೇಳಿಸುವುದು ಬಿಡುವುದು ಮೇಲಿನವನ ಚಿತ್ತ. ಬಸ್ಸಿನಲ್ಲಿ ನಿದ್ದೆ ಹೋದವನು ನಿಲ್ದಾಣ ತಪ್ಪಿಸಿಕೊಂಡರೆ ಘೋಷಣೆಯ ತಪ್ಪೇ? ದಾರಿಬದಿಯ ಬೋರ್ಡಿನಲ್ಲಿ ಕರಡಿ ಇದೆ ಎಂದು ಚಿತ್ರ ಸಮೇತ ಬರೆದಿತ್ತು. ಅತ್ತೆ ಅದರ ಮುಂದೆ ನಿಂತು ಸುತ್ತಮುತ್ತ ಪೊದೆಯಲ್ಲೆಲ್ಲ ಹುಡುಕಿ, 'ಎಲ್ಲಿ ಅಳಿಯಂದ್ರೇ, ಬರೀ ಬೋರ್ಡೇ ಇದೆ' ಎಂದು ಅವನನ್ನೇ ಕೇಳಿದಳು, ಕರಡಿಯ ಜವಾಬ್ದಾರಿ ಅವನದೇ ಎಂಬಂತೆ. 'ಅದಕ್ಕೂ ಭಾನುವಾರ ರಜೆ ಅತ್ತೆ' ಎಂದ. ಬಂದದ್ದು ಮಾತಲ್ಲ, ತುಕ್ಕು ಹಿಡಿದ ಬಿಜಾಗರಿಯ ಕೀರಲು. 'ಏನಂದ್ರು?' ಎಂದು ಅತ್ತೆ ಮಗಳನ್ನು ಕೇಳಿದಳು. 'ಏನೋ ಕೆಮ್ಮಿದ್ರು ಬಿಡಮ್ಮ' ಎಂದಳು ಹೆಂಡತಿ.

ಗುಹೆಯ ಬಾಗಿಲಲ್ಲಿ, ಬಾವಲಿಗಳಿಗೆ ಬೆಳಕು ಆಗುವುದಿಲ್ಲವೆಂದು ಎಲ್ಲರ ಮೊಬೈಲನ್ನೂ ತೆಗೆದುಕೊಂಡು ಪೆಟ್ಟಿಗೆಯಲ್ಲಿಟ್ಟರು. ಜನ ಕೈಕಾಲು ಕಳಚಿ ಕೊಟ್ಟವರಂತೆ ಬರಿಗೈ ನೋಡಿಕೊಳ್ಳುತ್ತಾ ಒಳಗೆ ನಡೆದರು. ಮುಂದೆ ತಲೆಗೆ ಹೆಲ್ಮೆಟ್ಟು ಹಾಕಿದ ಗೈಡಮ್ಮ. ಮಾತಾಡಬೇಕಾದ ಕಷ್ಟ ಅವಳಿಗಿರಲಿಲ್ಲ. ಒಂದೊಂದು ತಿರುವಿನಲ್ಲೂ ಗೋಡೆಯ ಗುಂಡಿ ಒತ್ತುವಳು, ದೀಪ ಹತ್ತುವುದು, ಧ್ವನಿ ಶುರುವಾಗುವುದು, ಅವಳು ಆಕಳಿಸುವಳು. ಅವನು ಹಿಂದೆ ನಿಂತು ಕೇಳಿದ. ಎಂಥ ಧ್ವನಿ! ಕಲ್ಲಿಗೆ ಹೋಗಿ ಬಡಿದು, ಕಲ್ಲಿನ ತಂಪನ್ನೆಲ್ಲ ಹೊತ್ತುಕೊಂಡು ಮರಳಿ ಬರುತ್ತಿತ್ತು. ಹನಿ ಹನಿ ಸುಣ್ಣದ ನೀರು ಯುಗಗಳ ಕಾಲ ತೊಟ್ಟಿಕ್ಕಿ ಈ ಕಂಬಗಳಾಗಿವೆ ಎಂದು ಧ್ವನಿ ಹೇಳಿದಾಗ, ಆ ಯುಗಗಳೆಲ್ಲ ಕಳೆಯುವಾಗ ಹೇಳುವವನು ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದನೇನೋ ಎನ್ನಿಸುವಂತಿತ್ತು. ನಿಜವಾಗಿ ಅವನು ಕೂತಿದ್ದದ್ದು ನಗರದ ಸ್ಟುಡಿಯೋದಲ್ಲಿ, ಹಸಿದ ಹೊಟ್ಟೆ ಗುರುಗುಟ್ಟುವುದು ಮೈಕಿಗೆ ಕೇಳದಿರಲೆಂದು ದಿಂಬು ಅವುಚಿಕೊಂಡು.

ಮೈದುನನಿಗೆ ಇನ್ನು ತಡೆಯಲಾಗಲಿಲ್ಲ. 'ಮೇಡಂ, ಈ ಧ್ವನಿ ಯಾರದು ಗೊತ್ತಾ?' ಎಂದು ಎಲ್ಲರಿಗೂ ಕೇಳುವಂತೆ ಕೇಳಿದ.

'ಯಾರೋ ಹಳೇ ಕಾಲದವರು ಸರ್. ತೀರ್ಕೊಂಡು ಬಹಳ ವರ್ಷ ಆಯ್ತಂತೆ ಪಾಪ.'

'ತೀರ್ಕೊಂಡ್ರಾ? ಇಲ್ಲೇ ಇದ್ದಾರಲ್ಲ ರೀ! ನಮ್ಮ ಭಾವ!'

ಗುಂಪು ತಿರುಗಿತು. ಮಫ್ಲರು ಸುತ್ತಿಕೊಂಡ, ಬೋಳುತಲೆಯ, ಒಂದು ಕೈಯಲ್ಲಿ ಅತ್ತೆಯ ಬುತ್ತಿ ಗಂಟು ಹಿಡಿದ ವ್ಯಕ್ತಿಯನ್ನು ಎಲ್ಲರೂ ನೋಡಿದರು. ಬದುಕಿದ್ದಾನೆಂದು ಯಾರಿಗೂ ವಿಶೇಷ ಸಂತೋಷವಾದಂತೆ ಕಾಣಲಿಲ್ಲ. 'ಹಾಗಾದ್ರೆ ಒಂದೆರಡು ಮಾತಾಡಿ ಸರ್, ಕೇಳೋಣ' ಎಂದ ಒಬ್ಬ ಗಡ್ಡದವನು. 'ಹೇಳಿ ಭಾವ, ಮುಂದಿನ ನಿಲ್ದಾಣ ಅನ್ನಿ!' ಅವನು ಬೇಡವೆಂದು ಕೈಯಾಡಿಸಿದ. ಆದರೆ ಒಳಗೆ ಯಾವುದೋ ನಾಚಿಕೆಗೆಟ್ಟ ಪ್ರಾಣಿ ಆಗಲೇ ಎದ್ದು ನಿಂತು ಗಂಟಲು ಸರಿಮಾಡಿಕೊಳ್ಳುತ್ತಿತ್ತು. 'ಮಹನೀಯರೇ' ಎಂದ. ಬಂದದ್ದು ಗಾಳಿ ಹೋದ ಟ್ಯೂಬಿನ ನಿಟ್ಟುಸಿರು. ಯಾರೋ ಕಿಸಕ್ಕೆಂದರು. 'ಇರಲಿ ಬಿಡಿ ಸರ್, ಎಲ್ಲರೂ ಒಂದೊಂದು ಹೇಳ್ತಾರೆ' ಎಂದು ಗೈಡಮ್ಮ ದೊಡ್ಡ ಮನಸ್ಸಿನಿಂದ ಕ್ಷಮಿಸಿ ಮುಂದೆ ನಡೆದಳು. 'ಶೀತ ಆಗಿದೆ ಅವರಿಗೆ, ಶೀತ' ಎಂದು ಮೈದುನ ಒಬ್ಬೊಬ್ಬರ ಬೆನ್ನಿಗೂ ಹೇಳುತ್ತಾ ಹೋದ. ಹೆಂಡತಿ ಮಾತ್ರ ಅವನ ಕೈಯಿಂದ ಬುತ್ತಿ ಗಂಟು ತೆಗೆದುಕೊಂಡಳು. ಅದು ಅವನಿಗೆ ನಗುವಿಗಿಂತ ಹೆಚ್ಚು ಚುಚ್ಚಿತು.

ಗುಹೆ ಅಲ್ಲಿಂದ ಮುಂದೆ ಅಗಲವಾಗಿ, ಕಬ್ಬಿಣದ ಕಂಬಿ ಹಾಕಿದ ಕಟ್ಟೆಯೊಂದರ ಮೇಲೆ ಎಲ್ಲರೂ ನಿಂತರು. ಕಂಬಿಯಾಚೆ ಹಳ್ಳ, ತಳ ಕಾಣದ್ದು. ಗೈಡಮ್ಮ ಗುಂಡಿ ಒತ್ತಿದಳು. 'ಈಗ ನಿಮ್ಮ ಎಡಕ್ಕೆ ನೋಡಿ' ಎಂದಿತು ಧ್ವನಿ, ಮೆಲ್ಲಗೆ, ಗುಟ್ಟು ಹೇಳುವಂತೆ. 'ಮಗುವನ್ನೆತ್ತಿಕೊಂಡ ತಾಯಿ. ಯಾವ ಶಿಲ್ಪಿಯೂ ಕೆತ್ತದ, ನೀರೇ ಬಿಡಿಸಿದ ರೂಪ. ಬಾಗಿದ ಆ ಕತ್ತನ್ನು ಗಮನಿಸಿ.' ಎಡಗೋಡೆಯ ಮೇಲೆ ಹಳದಿ ದೀಪ ಬಿತ್ತು. ಆಹಾ ಎಂದಿತು ಗುಂಪು. 'ಕತ್ತು ನೋಡು ಕತ್ತು!' ಎಂದ ಗಡ್ಡದವನು. ಅತ್ತೆ ಕೈಮುಗಿದು ಕಣ್ಣಲ್ಲಿ ನೀರು ತಂದುಕೊಂಡಳು. ಅವನೂ ನೋಡಿದ. ಉಬ್ಬುತಗ್ಗಿನ ಗೋಡೆ. ಇನ್ನಷ್ಟು ದಿಟ್ಟಿಸಿದರೆ ಒಂದು ಆಲೂಗೆಡ್ಡೆಯಷ್ಟು ತಾಯ್ತನ ಕಂಡೀತು.

'ನಂಗೇನೂ ಕಾಣ್ತಿಲ್ಲಪ್ಪ' ಎಂದಳು ಹೆಂಡತಿ, ಗಟ್ಟಿಯಾಗಿ.

ಗೈಡಮ್ಮ ಮೊದಲ ಸಲ ಆಕಳಿಕೆ ನಿಲ್ಲಿಸಿ ಹತ್ತಿರ ಬಂದಳು. 'ನೀವೇ ಮೊದಲು ಮೇಡಂ, ಹಾಗಂದೋರು' ಎಂದು ದನಿ ತಗ್ಗಿಸಿದಳು. 'ನಿಜವಾಗ್ಲೂ ಅದು ಇರೋದು ಬಲಕ್ಕೆ, ಇಗೋ ಈ ಮೂಲೇಲಿ. ಟೇಪಲ್ಲಿ ಎಡ ಅಂದ್ಬಿಟ್ಟಿದ್ದಾರೆ. ಸರಿ ಮಾಡ್ಸೋಣ ಅಂದ್ರೆ ಆ ಪುಣ್ಯಾತ್ಮ ಇಲ್ವಲ್ಲ. ಅದಕ್ಕೇ ದೀಪಾನೇ ಎಡಕ್ಕೆ ತಿರುಗಿಸಿದ್ರು. ಅಲ್ಲೇ ಕಾಣುತ್ತೆ ಜನಕ್ಕೆ. ಏನೂ ತೊಂದರೆ ಆಗಿಲ್ಲ.'

ಸ್ಟುಡಿಯೋದ ಗಾಜು ಅವನ ಕಣ್ಣೆದುರು ಬಂತು. ಈಚೆ ಅವನು, ಆಚೆ ರೆಕಾರ್ಡಿಂಗಿನವನು, ನಡುವೆ ಮಾತು ದಾಟದ ದಪ್ಪ ಗಾಜು. ಓದುತ್ತಿದ್ದ ಹಾಳೆಯ ಮೇಲೆ ಚಹಾ ಚೆಲ್ಲಿ ಒಂದೇ ಒಂದು ಪದ ಕರಗಿಹೋಗಿತ್ತು. ಯಾವ ಕಡೆ ಎಂದು ಹುಬ್ಬು ಹಾರಿಸಿದ. ಆಚೆಯವನು ತನ್ನ ಬಲಗೈ ಎತ್ತಿ ಚಾಚಿದ. ಎದುರಾಬದುರು ಕೂತವರು, ಅವನ ಬಲ ಇವನಿಗೆ ಎಡಗಡೆ. ಮಫ್ಲರಿನೊಳಗೆ ಬೆವರು ಇಳಿಯಿತು. ಇಷ್ಟು ವರ್ಷ ಒಬ್ಬರಾದರೂ ಇಲ್ಲ ಎನ್ನಬಾರದಿತ್ತೇ? ಅಷ್ಟು ಚೆನ್ನಾಗಿ ಹೇಳಿದ್ದ. ತಾಯಿ ಮಗು ಕತ್ತಲಲ್ಲಿ ನಿಂತೇ ಇದ್ದರು. ಜಗತ್ತು ಬೆನ್ನು ತಿರುಗಿಸಿಕೊಂಡು ಗೋಡೆಗೆ ಕೈಮುಗಿಯುತ್ತಿತ್ತು. ಅವನು ಒಂದು ಹೆಜ್ಜೆ ಬಲಕ್ಕೆ ಸರಿದು ಆ ಮೂಲೆಗೆ ಹೋಗಿ ನಿಂತ, ಕ್ಷಮೆ ಕೇಳುವುದಕ್ಕೋ, ಅಡಗಿಕೊಳ್ಳುವುದಕ್ಕೋ.

ಆಗ ಕರೆಂಟು ಹೋಯಿತು.

ಕತ್ತಲೆಂದರೆ ಮನೆಯ ಕತ್ತಲಲ್ಲ. ಕಣ್ಣು ಬಿಟ್ಟರೂ ಮುಚ್ಚಿದರೂ ಒಂದೇ ಆದ, ಸೃಷ್ಟಿಗೆ ಮುಂಚಿನದು ಎನ್ನುವಂಥ ಕತ್ತಲು. ಒಂದು ಕ್ಷಣ ಎಲ್ಲರೂ ನಕ್ಕರು. ಗೈಡಮ್ಮನ ಟಾರ್ಚು ಎರಡು ಸಲ ಮಿಣುಕಿ ಪ್ರಾಣ ಬಿಟ್ಟಿತು. 'ಅಲ್ಲಾಡ್ಬೇಡಿ, ಅಲ್ಲಾಡ್ಬೇಡಿ' ಎಂದು ಅವಳು ಕೂಗಿದ್ದೇ ತಡ, ಎಲ್ಲರೂ ಅಲ್ಲಾಡಿದರು. ಮೇಲೆ ಬಾವಲಿಗಳು ಎದ್ದವು. ಯಾರೋ ಕಿರುಚಿದರು, ಯಾರೋ ಕಂಬಿಗೆ ಬಡಿದುಕೊಂಡರು, ಕಟ್ಟೆಯ ಮೇಲೆ ಚಪ್ಪಲಿಗಳು ಗುದ್ದಾಡತೊಡಗಿದವು. 'ಮಗಾ, ಎಲ್ಲಿದ್ದೀಯೋ!' ಎಂದಳು ಅತ್ತೆ, ಹಳ್ಳದ ಕಡೆಯಿಂದ. 'ಅಮ್ಮಾ, ಅಲ್ಲೇ ನಿಲ್ಲು!' ಹೆಂಡತಿಯ ಧ್ವನಿ ಹಾಗೆ ಸೀಳುವುದನ್ನು ಅವನು ಎಂದೂ ಕೇಳಿರಲಿಲ್ಲ.

ಅವನು ಬಾಯಿ ತೆರೆದ. ಯೋಚಿಸಿದ್ದರೆ ತೆರೆಯುತ್ತಿರಲಿಲ್ಲ.

'ಮಹನೀಯರೇ, ಮಹಿಳೆಯರೇ. ದಯವಿಟ್ಟು ನಿಂತಲ್ಲೇ ನಿಲ್ಲಿ.' ಗಂಟಲಿನಿಂದಲ್ಲ, ಹೊಟ್ಟೆಯ ತಳದಿಂದ ಎತ್ತಿದ ಮಾತು. ಒಡಕನ್ನು ಗುಹೆ ನುಂಗಿಕೊಂಡು ಕಂಚನ್ನಷ್ಟೇ ಮರಳಿಸಿತು. ಚಪ್ಪಲಿಗಳು ನಿಂತವು. 'ನಿಮ್ಮ ಕೈಗೆ ಸಿಕ್ಕಿದವರ ಕೈ ಹಿಡಿದುಕೊಳ್ಳಿ. ಕಂಬಿಯ ಹತ್ತಿರ ಇರುವವರು ನಿಧಾನವಾಗಿ ಕೂತುಕೊಳ್ಳಿ. ಅತ್ತೆ, ನೀವೂ ಕೂತ್ಕೊಳ್ಳಿ.' ಬಟ್ಟೆಗಳ ಸರಸರ, ಜನ ಕೂತರು. ಜಿಂಕೆ ಕೇಳದ ಮಾತನ್ನು, ಮನೆ ಕೇಳದ ಮಾತನ್ನು ಇಷ್ಟು ಮಂದಿ ತಲೆಬಾಗಿ ಕೇಳಿದರು. 'ಈಗ ದೀಪ ಬರುತ್ತದೆ. ಹೆದರ...' ಅಲ್ಲಿಗೆ ಅದು ಮುರಿಯಿತು. ಒಣಗಿದ ಕಡ್ಡಿ ಮುರಿದ ಹಾಗೆ, ಸದ್ದೂ ಸಣ್ಣದೇ. ಅದರಾಚೆ ಬರೀ ಗಾಳಿ.

'ಕರೆಂಟ್ ಹೋದ್ರೂ ಟೇಪ್ ನಡೀತಿದೆ ನೋಡ್ರೀ' ಎಂದ ಗಡ್ಡದವನು, ನೆಮ್ಮದಿಯಿಂದ. 'ಎಂಥ ವ್ಯವಸ್ಥೆ!'

ಕತ್ತಲಲ್ಲಿ ಒಂದು ಕೈ ಅವನ ತೋಳನ್ನು ಹುಡುಕಿಕೊಂಡು ಬಂತು. ದಿನವಿಡೀ ಕತ್ತಲ ಕೋಣೆಯಲ್ಲಿ ದುಡಿದ ಕೈಗೆ ಇದೇನೂ ಹೊಸದಲ್ಲ. ತೋಳಿನಿಂದ ಭುಜ, ಭುಜದಿಂದ ಮಫ್ಲರು.

'ಜಲಪಾತದ ಹತ್ರ ಏನೋ ಅಂದ್ರಲ್ಲ' ಎಂದಳು ಹೆಂಡತಿ ಕಿವಿಯ ಬಳಿ. 'ಇನ್ನೊಂದ್ಸಲ ಹೇಳಿ.'

ಅವನು ಹೇಳಲು ನೋಡಿದ. ತುಟಿ ಅಲ್ಲಾಡಿತು, ಅಷ್ಟೇ. ಅವಳ ಬೆರಳುಗಳನ್ನು ಹಿಡಿದು ಮಫ್ಲರಿನೊಳಗೆ, ಬಲಬದಿಗೆ, ಅದರ ಮೇಲಿಟ್ಟ. ಬೆರಳುಗಳು ನಿಂತವು. ಒತ್ತಿ ನೋಡಿದವು. ಅದರ ಸುತ್ತ ಒಂದು ಸುತ್ತು ಬಂದವು.

'ಡಾಕ್ಟ್ರು ನೋಡಿದಾರಾ?'

ಅವನು ತಲೆಯಾಡಿಸಿದ್ದು ಅವಳ ಕೈಗೆ ತಿಳಿಯಿತು.

'ತೆಗೀತಾರಾ?' ಹೌದು. 'ನಾಳೆನಾ?' ಹೌದು. 'ಮಾತು?'

ಅವನು ತಲೆಯನ್ನು ಅಡ್ಡಡ್ಡ ಆಡಿಸಿದ. ಅವಳ ಅಂಗೈ ಅವನ ಗಂಟಲಿನ ಮೇಲೆ ಪೂರ್ತಿ ಹರಡಿಕೊಂಡಿತು, ಒಳಗೆ ಏನೋ ಚಲಿಸುತ್ತಿರುವುದನ್ನು ಕಾಯುವಂತೆ. 'ಹೋಗೋಣ' ಎಂದಳು. ಕೇಳಿದ್ದಲ್ಲ, ಹೇಳಿದ್ದು. ಆದರೂ ಅವಳ ನಾಲಿಗೆಯ ಚಾಳಿ ಎಲ್ಲಿ ಹೋದೀತು: 'ಇಷ್ಟು ವರ್ಷ ಕಿವಿ ತೂತು ಬೀಳೋ ಹಾಗೆ ಮಾತಾಡಿ, ಇದೊಂದನ್ನ ನೀರಿಗೆ ಹೇಳೋದಾ?'

ದೀಪ ಬಂತು. ಯಂತ್ರಕ್ಕೆ ತಾನು ಎಲ್ಲಿ ನಿಲ್ಲಿಸಿದ್ದೆನೆಂದು ನೆನಪಿರಲಿಲ್ಲ, ಮೊದಲಿನಿಂದ ಶುರುಮಾಡಿತು. 'ಈಗ ನಿಮ್ಮ ಎಡಕ್ಕೆ ನೋಡಿ' ಎಂದು ಕಂಚು ಮೊಳಗಿತು, ಏನೂ ಆಗಿಯೇ ಇಲ್ಲವೆಂಬ ಹಾಗೆ. ಕೂತವರೆಲ್ಲ ಬಟ್ಟೆ ಕೊಡವಿಕೊಂಡು ಎದ್ದು, ಬದುಕಿದ ಸಂತೋಷಕ್ಕೆ ಇನ್ನೂ ಭಕ್ತಿಯಿಂದ ಎಡಕ್ಕೆ ತಿರುಗಿದರು; ಅತ್ತೆ ಗೋಡೆಗೆ ಮತ್ತೊಮ್ಮೆ ಕೈಮುಗಿದಳು, ಮೈದುನ ಈ ಸಲ ತಾನೂ ಮುಗಿದ. ಬಾಗಿದ ಆ ಕತ್ತನ್ನು ಗಮನಿಸಿ, ಎಂದಿತು ಧ್ವನಿ. ಹೆಂಡತಿ ಎಡಕ್ಕೆ ತಿರುಗಲಿಲ್ಲ. ಬಲಮೂಲೆಯಲ್ಲಿ, ಅರೆಗತ್ತಲಲ್ಲಿ ನಿಂತವನ ಮಫ್ಲರನ್ನು ಸುತ್ತು ಸುತ್ತಾಗಿ ಬಿಚ್ಚಿ, ಕನ್ನಡಕ ಸರಿಮಾಡಿಕೊಂಡು, ನೋಡುತ್ತಿದ್ದಳು.